ಎರಡನೇ ಕಣ್ಣು

ಮಧ್ಯಾಹ್ನ ಎರಡು ಗಂಟೆಗೆ ಅವಳು ಮನೆಯಲ್ಲಿರಬೇಕಿತ್ತು. ಎರಡೂವರೆಗಲ್ಲ, ಮೂರಕ್ಕಲ್ಲ. ಪಾರ್ಶ್ವವಾಯು ಬಡಿದು ಮೂರು ವರ್ಷದಿಂದ ಹಾಸಿಗೆ ಹಿಡಿದಿದ್ದ ಗಂಡನನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸಬೇಕು. ಇಲ್ಲದಿದ್ದರೆ ಬೆನ್ನಿನ ಚರ್ಮ ಒಡೆಯುತ್ತದೆ, ಒಡೆದದ್ದು ಸುಲಭಕ್ಕೆ ಮಾಯುವುದಿಲ್ಲ ಎಂದು ಆಸ್ಪತ್ರೆಯ ನರ್ಸಮ್ಮ ಮೊದಲ ವಾರವೇ ಹೇಳಿದ್ದಳು. ಬೆಳಿಗ್ಗೆ ಏಳೂ ನಲವತ್ತಕ್ಕೆ ಅವಳೇ ಹೊರಳಿಸಿ ಕೆಲಸಕ್ಕೆ ಹೊರಡುತ್ತಿದ್ದಳು. ಹತ್ತು ಗಂಟೆಗೆ ಮಹಡಿ ಮೇಲಿನ ಟೈಲರ್ ಅತ್ತಿಗೆ ಇಳಿದು ಬಂದು ಹೊರಳಿಸುತ್ತಿದ್ದಳು. ಹನ್ನೊಂದಕ್ಕೆ ಅಂಗಡಿಗೆ ಹೋದರೆ ಅತ್ತಿಗೆ ಬರುವುದು ಕತ್ತಲಾದ ಮೇಲೆ. ಹನ್ನೆರಡಕ್ಕೆ ಊಟದ ಬಿಡುವಿನಲ್ಲಿ ಮತ್ತೆ ಇವಳೇ. ಸಂಜೆ ನಾಲ್ಕೂ ಮುಕ್ಕಾಲಿಗೆ ಕೆಲಸದಿಂದ ಬಂದ ಮೇಲೂ ಇವಳೇ. ಯಾರಿಗೂ ಸೇರದೆ ಉಳಿಯುತ್ತಿದ್ದದ್ದು ಎರಡು ಗಂಟೆಯ ಸರದಿ ಒಂದು.

ಕೆಲಸ ಔಷಧಿ ಸೀಸೆಗಳ ಲೇಬಲ್ ಮುದ್ರಿಸುವ ಕಾರ್ಖಾನೆಯಲ್ಲಿ. ಮನೆಯಿಂದ ನಡೆದರೆ ಎಂಟು ನಿಮಿಷ. ಅವಳಿದ್ದದ್ದು ತಪಾಸಣೆ ಕೋಣೆಯಲ್ಲಿ. ಅಲ್ಲಿ ಹನ್ನೊಂದು ಹೆಂಗಸರು, ಕೈಹಿಡಿ ತಿರುಗಿಸಿ ಸುರುಳಿ ಬಿಚ್ಚುವ ಹನ್ನೊಂದು ಯಂತ್ರ, ಹನ್ನೊಂದು ರಬ್ಬರ್ ಮುದ್ರೆ. ಅವಳ ಮುದ್ರೆಯ ನಂಬರು ಎಂಟು. ಆದ್ದರಿಂದ ಕೋಣೆಯಲ್ಲಿ ಅವಳು ಎಂಟಮ್ಮ. ಪಕ್ಕದ ಯಂತ್ರದಲ್ಲಿ ಕೂರುತ್ತಿದ್ದವಳ ನಂಬರು ಮೂರಾದರೂ ಅವಳನ್ನು ಯಾರೂ ಮೂರಮ್ಮ ಎನ್ನುತ್ತಿರಲಿಲ್ಲ. ಮೂಗಿನ ಮೇಲೊಂದು, ಕೊರಳಿನ ದಾರದಲ್ಲೊಂದು, ಎರಡು ಕನ್ನಡಕ ಇಟ್ಟುಕೊಂಡಿದ್ದ ಅವಳು ಎಲ್ಲರಿಗೂ ಕನ್ನಡಕದಕ್ಕ. ನಿವೃತ್ತಿಗೆ ಇನ್ನು ಎರಡು ವರ್ಷವಿತ್ತು.

ಒಂದು ಸುರುಳಿಯಲ್ಲಿ ಐದು ಸಾವಿರ ಲೇಬಲ್. ಮುದ್ರಣದಲ್ಲಿ ಕಾಗದ ಹರಿದರೆ ಅಲ್ಲಿ ಜೋಡಿಸಿ, ಗುರುತಿಗೆ ಕೆಂಪು ಪಟ್ಟಿ ಅಂಟಿಸುತ್ತಾರೆ. ಅಪಾಯವೆಲ್ಲ ಆ ಜೋಡಣೆಯಲ್ಲೇ. ಒಂದು ಔಷಧಿಯ ಸುರುಳಿಗೆ ಇನ್ನೊಂದು ಔಷಧಿಯ ತುಂಡು ಸೇರಿಬಿಡಬಹುದು. ಅದಕ್ಕಾಗಿ ಪ್ರತಿ ಸುರುಳಿಯನ್ನೂ ಇಬ್ಬರು ನೋಡಬೇಕು. ಮೊದಲ ಕಣ್ಣು ಹೊರಗಿನಿಂದ ಒಳಕ್ಕೆ ಬಿಚ್ಚುತ್ತ, ಎರಡನೇ ಕಣ್ಣು ಒಳಗಿನಿಂದ ಹೊರಕ್ಕೆ ಸುತ್ತುತ್ತ, ಪ್ರತಿ ಕೆಂಪು ಪಟ್ಟಿಯ ಆಚೆ ಹತ್ತು ಈಚೆ ಹತ್ತು ಲೇಬಲ್‌ಗಳನ್ನು ಮಾದರಿಯೊಂದಿಗೆ ಅಕ್ಷರಕ್ಕಕ್ಷರ ಹೋಲಿಸಿ ಓದಬೇಕು. ನಂತರ ಇಬ್ಬರೂ ಸುರುಳಿಯ ಚೀಟಿಗೆ ತಮ್ಮ ಮುದ್ರೆ ಒತ್ತಿ ಹೊತ್ತು ಬರೆಯಬೇಕು.

"ಒಂದ್ಸಲ ತಪ್ಪಿದ ಕಣ್ಣು ಅದೇ ಜಾಗದಲ್ಲಿ ಇನ್ನೊಂದ್ಸಲಾನೂ ತಪ್ಪುತ್ತೆ ಕಣ್ರಮ್ಮ," ಎನ್ನುತ್ತಿದ್ದರು ಹಳೆಯ ಮೇಲ್ವಿಚಾರಕರು. "ಎರಡು ಕಣ್ಣು ಅಂದ್ರೆ ಎರಡು ತಲೆ. ಒಂದೇ ತಲೇಲಿರೋ ಎರಡು ಕಣ್ಣಲ್ಲ." ಪಾಠ ಹೇಳುವ ಧಾಟಿಗೆ ಹೆಂಗಸರು ಅವರನ್ನು ಮೇಷ್ಟ್ರು ಎಂದೇ ಕರೆಯುತ್ತಿದ್ದರು.

ಮೇಷ್ಟ್ರ ಕಾಲದಲ್ಲಿ ಬಾಗಿಲ ಪಕ್ಕದ ಮೊಳೆಗೆ ದಾರ ಕಟ್ಟಿದ ಒಂದು ನೋಟ್‌ಬುಕ್ಕು ತೂಗುತ್ತಿತ್ತು. ಹೊರಗೆ ಹೋಗುವವರು ಹೋದ ಹೊತ್ತು, ಕಾರಣ, ಬಂದ ಹೊತ್ತು ತಾವೇ ಬರೆಯಬೇಕು. ಹೋದಷ್ಟು ಹೊತ್ತು ಸಂಜೆ ಕೂತು ಕೆಲಸ ಮಾಡಬೇಕು. ಅದನ್ನು ಯಾರೂ ತಾಳೆ ನೋಡುತ್ತಿರಲಿಲ್ಲ. ಎಂಟಮ್ಮನ ಸಾಲು ದಿನವೂ ಒಂದೇ: ೨.೦೦, ಗಂಡನನ್ನು ಹೊರಳಿಸಲು, ೨.೨೪. ಕೆಲವೊಮ್ಮೆ ೨.೨೩. ಅಷ್ಟು ಹೊತ್ತು ಅವಳ ಸುರುಳಿ ಯಂತ್ರದ ಮೇಲೆ ಸುಮ್ಮನೆ ಕಾಯುತ್ತಿತ್ತು. ಆ ವ್ಯವಸ್ಥೆ ಇದ್ದ ಆರು ವರ್ಷಗಳಲ್ಲಿ ಈ ಕೋಣೆ ದಾಟಿ ಹೋಗಿ ತಪ್ಪೆಂದು ವಾಪಸು ಬಂದ ಸುರುಳಿ ಎರಡು.

ಗಂಡ ಬಸ್ ಕಂಡಕ್ಟರ್ ಆಗಿದ್ದವನು. ಪಾರ್ಶ್ವವಾಯು ಬಡಿದ ಮೇಲೆ ಅವನ ನಾಲಿಗೆಯಲ್ಲಿ ಉಳಿದದ್ದು ಎರಡೇ ಮಾತು. ಹೊರಳಿಸುವಾಗ ನೋವಾದರೆ "ಹೋಲ್ಡಾನ್." ಸರಿಯಾಗಿ ಮಲಗಿದರೆ "ರೈಟ್." ಹೆಂಡತಿಯ ಹೆಸರೂ ಹೋಗಿತ್ತು.

"ಇಪ್ಪತ್ತೆರಡು ವರ್ಷ ಊರೆಲ್ಲಾ ಹತ್ತಿಸಿ ಇಳಿಸಿದ್ದಾಯ್ತು. ಈಗ ನಾನೊಬ್ಳೇ ಪ್ಯಾಸೆಂಜರು," ಎಂದು ಅವಳು ಕೋಣೆಯಲ್ಲಿ ಹೇಳಿದಾಗ ಎಲ್ಲರೂ ನಕ್ಕಿದ್ದರು.

"ಟಿಕೆಟ್ ತಗೊಂಡಿದೀಯೋ ಇಲ್ವೋ?" ಎಂದಿದ್ದಳು ಕನ್ನಡಕದಕ್ಕ.

"ಪಾಸು ಅಕ್ಕ. ಜೀವಮಾನದ ಪಾಸು."

ಮೇಷ್ಟ್ರು ನಿವೃತ್ತರಾದರು. ಹೊಸ ಮ್ಯಾನೇಜರ್ ಬಂದ. ಮೂವತ್ತೈದರ ಆಸುಪಾಸು. ಎಲ್ಲರಿಗೂ ಬಹುವಚನ, ಯಾರ ಮೇಲೂ ಕೂಗಾಟವಿಲ್ಲ. ಮೊದಲ ದಿನ ಅವನು ನೋಟ್‌ಬುಕ್ಕಿನ ನಾಲ್ಕು ಪುಟ ತಿರುವಿ, ದಾರ ಬಿಚ್ಚಿ, ಕಸದ ಡಬ್ಬಿಯ ಮೇಲಿಟ್ಟ. ಒಂದೇ ತಿಂಗಳಲ್ಲಿ ಮುಂಬಾಗಿಲಿಗೆ ಕಾರ್ಡ್ ತೋರಿಸಿದರೆ ಮಾತ್ರ ತೆರೆಯುವ ಗೇಟು ಬಂತು. ಪ್ರತಿ ಯಂತ್ರಕ್ಕೂ ಒಂದು ದೀಪ ಬಂತು. ಕೈಹಿಡಿ ತಿರುಗುತ್ತಿದ್ದರೆ ಹಸಿರು. ಆರು ನಿಮಿಷ ನಿಂತರೆ ಕೆಂಪು. ದಿನಕ್ಕೆ ಮೂರು ಕೆಂಪಾದರೆ ಮೇಲಿನವರಿಗೆ ವರದಿ. ಊಟದ ಅರ್ಧ ಗಂಟೆಯಲ್ಲಿ ದೀಪ ತಾನಾಗಿ ಆರುತ್ತಿತ್ತು, ಗೇಟೂ ತೆರೆಯುತ್ತಿತ್ತು. ಎರಡು ಗಂಟೆಗೆ ಎರಡೂ ಇಲ್ಲ.

ಎಂಟಮ್ಮ ಮೂರು ಅರ್ಜಿ ಬರೆದಳು. ಅರ್ಜಿಯ ನಮೂನೆಯಲ್ಲಿ ಟಿಕ್ ಹಾಕಲು ಮೂರು ಕಾರಣಗಳಿದ್ದವು: ಸ್ವಂತ ಅನಾರೋಗ್ಯ, ಹತ್ತಿರದವರ ಮರಣ, ಕಚೇರಿ ಕೆಲಸ. ಅವಳು ಮೂರನ್ನೂ ಬಿಟ್ಟು ಕೆಳಗಿನ ಖಾಲಿ ಜಾಗದಲ್ಲಿ ತನ್ನ ಕಾರಣ ಬರೆದಳು. ಉತ್ತರ ಬರದೆ, ಮೂರನೇ ಅರ್ಜಿಯ ನಕಲು ಹಿಡಿದು ಮ್ಯಾನೇಜರ್ ಕೋಣೆಗೆ ಹೋದಳು.

"ಇಪ್ಪತ್ತೈದು ನಿಮಿಷ ಸರ್. ಸಂಜೆ ಬೇಕಾದ್ರೆ ಅರ್ಧ ಗಂಟೆ ಜಾಸ್ತಿ ಕೂರ್ತೀನಿ."

"ನಿಮ್ಮ ಕಷ್ಟ ಅರ್ಥ ಆಗುತ್ತಮ್ಮ. ಆದ್ರೆ ನಿಮಗೆ ಕೊಟ್ರೆ ಎಲ್ಲರಿಗೂ ಕೊಡಬೇಕಾಗುತ್ತೆ."

"ಮುಂಚೆ ಎಲ್ಲರಿಗೂ ಇತ್ತಲ್ಲ ಸರ್."

ಮ್ಯಾನೇಜರ್ ನಕ್ಕ. ಕೆಟ್ಟ ನಗುವಲ್ಲ. "ಅದಕ್ಕೇ ನನ್ನನ್ನ ಇಲ್ಲಿಗೆ ಕಳಿಸಿರೋದು," ಎಂದ.

ಅವಳು ವಾಪಸು ಬಂದು ಕೂತಳು. ಕನ್ನಡಕದಕ್ಕ ಅವಳ ಮುಖ ನೋಡಿ, ಎದ್ದು ಹಿಂದಿನ ಬಾಗಿಲ ಕಡೆ ಹೋಗಿ ಬಂದಳು. ಗೋಡೆಯ ಗಡಿಯಾರದಲ್ಲಿ ಎರಡಕ್ಕೆ ಐದು ನಿಮಿಷವಿದ್ದಾಗ ಹೇಳಿದಳು: "ಹಿಂದಿನ ಬಾಗಿಲಲ್ಲಿ ಮೀಸೆಯಣ್ಣ ಇದಾನೆ. ಹೇಳಿದೀನಿ. ಹೋಗ್ಬಾ."

ಹಿಂದಿನ ಬಾಗಿಲು ಲಾರಿಗೆ ಮಾಲು ಏರಿಸುವ ಜಾಗ. ಅಲ್ಲಿಗೆ ಕಾರ್ಡಿನ ಗೇಟು ಇನ್ನೂ ಬಂದಿರಲಿಲ್ಲ. ಮೀಸೆಯಣ್ಣ ಅಲ್ಲಿಯ ಕಾವಲುಗಾರ.

"ನನ್ನ ಮಿಷನ್ನು?"

"ನನಗೇನು ಎರಡು ಕೈ ಇಲ್ವಾ?"

"ಬೇಡಕ್ಕ. ಗೊತ್ತಾದ್ರೆ ನಿನ್ನ ತಲೆಗೂ ಬರುತ್ತೆ."

"ಲೇ, ನೀನು ಇಲ್ಲಿ ನಿಂತು ನ್ಯಾಯ ಹೇಳ್ತಿದ್ರೆ ಅಲ್ಲಿ ಅವರ ಬೆನ್ನು ಕಾಯುತ್ತಾ? ನಡಿ."

ಹೀಗೆ ಶುರುವಾಯಿತು. ಕನ್ನಡಕದಕ್ಕ ಬಲಗೈಯಲ್ಲಿ ತನ್ನ ಸುರುಳಿ ತಿರುಗಿಸುತ್ತ, ಐದು ನಿಮಿಷಕ್ಕೊಮ್ಮೆ ಎಡಗೈ ಚಾಚಿ ಎಂಟನೇ ಯಂತ್ರದ ಕೈಹಿಡಿಯನ್ನು ಎರಡು ಸುತ್ತು ತಿರುಗಿಸುತ್ತಿದ್ದಳು. ದೀಪ ಹಸಿರಾಗಿಯೇ ಇರುತ್ತಿತ್ತು. ಆದರೆ ದೀಪದ ಜೊತೆ ಎಣಿಕೆಯೂ ಇತ್ತು. ಗಂಟೆಗೆ ಇಷ್ಟು ಸುರುಳಿ ಎಂಟನೇ ಮುದ್ರೆಯಲ್ಲಿ ಹೊರಗೆ ಹೋಗಲೇಬೇಕು. ಹಾಗಾಗಿ ಆ ಇಪ್ಪತ್ತನಾಲ್ಕು ನಿಮಿಷದಲ್ಲಿ ಒಂದು ಸುರುಳಿಗೆ ಕನ್ನಡಕದಕ್ಕ ತಾನೇ ಎರಡನೇ ಕಣ್ಣೂ ಆಗುತ್ತಿದ್ದಳು. ತನ್ನ ಯಂತ್ರದಲ್ಲಿ ಬಿಚ್ಚಿ ಮೂರು ಒತ್ತಿ, ಎಂಟನೇ ಯಂತ್ರದಲ್ಲಿ ಸುತ್ತಿ ಎಂಟು ಒತ್ತುತ್ತಿದ್ದಳು. ಮೇಷ್ಟ್ರ ಮಾತು ಅವಳಿಗೆ ಮರೆತಿರಲಿಲ್ಲ. ದಿನಕ್ಕೆ ಒಂದೇ ಸುರುಳಿ, ಅದನ್ನು ಮೈಯೆಲ್ಲ ಕಣ್ಣಾಗಿ ನೋಡಿದರಾಯಿತು ಎಂದುಕೊಂಡಿದ್ದಳು.

ನಾಲ್ಕು ತಿಂಗಳು ನಡೆಯಿತು. ಕೋಣೆಯ ಉಳಿದ ಒಂಬತ್ತು ಜನಕ್ಕೂ ಗೊತ್ತಿತ್ತು. ಯಾರೂ ಬಾಯಿ ಬಿಡಲಿಲ್ಲ.

ಒಂದು ಬುಧವಾರ ಎರಡು ಗಂಟೆಗೆ ಕನ್ನಡಕದಕ್ಕನ ಕೈಗೆ ಬಂದದ್ದು ಮಕ್ಕಳ ಜ್ವರದ ಸಿರಪ್ಪಿನ ಸುರುಳಿ. ಅದರಲ್ಲಿ ಮೂರು ಜೋಡಣೆ. ಮೂರನೆಯದು ಬಂದ ಹೊತ್ತಿಗೇ ಪಕ್ಕದ ದೀಪಕ್ಕೆ ಆರು ನಿಮಿಷ ತುಂಬುವುದರಲ್ಲಿತ್ತು. ಅವಳು ಕಣ್ಣು ಅತ್ತ ಇಟ್ಟುಕೊಂಡೇ ಇತ್ತ ಹತ್ತು ಲೇಬಲ್ ಓದಿದಳು. ಪಟ್ಟಿಯ ಆಚೆ ಸುರುಳಿಯ ತುದಿಯವರೆಗೆ ಇದ್ದದ್ದು ದೊಡ್ಡವರ ಸಿರಪ್ಪಿನ ತುಂಡು, ಅರವತ್ತು ಲೇಬಲ್. ಅದೇ ಹಸಿರು ಅಂಚು, ಅದೇ ಅಕ್ಷರದ ಅಳತೆ, ಪ್ರಮಾಣ ಮಾತ್ರ ನಾಲ್ಕು ಪಟ್ಟು. ಎಂಟನೇ ಯಂತ್ರದಲ್ಲಿ ಸುತ್ತುವಾಗ ಅದೇ ಪಟ್ಟಿ ಮತ್ತೆ ಬಂತು. ಈಗತಾನೇ ಓದಿದ್ದೆನಲ್ಲ ಎಂದುಕೊಂಡು ಅವಳು ಕೈಹಿಡಿ ನಿಲ್ಲಿಸಲಿಲ್ಲ. ಎಂಟು ಒತ್ತಿ ೨.೧೧ ಎಂದು ಬರೆದಳು.

ಅದೇ ಹೊತ್ತಿಗೆ ಎಂಟು ನಿಮಿಷ ದೂರದ ಮನೆಯಲ್ಲಿ ಎಂಟಮ್ಮ ಗಂಡನ ಸೊಂಟದ ಕೆಳಗೆ ದಿಂಬು ಸರಿಪಡಿಸುತ್ತಿದ್ದಳು. "ರೈಟ್," ಎಂದ ಅವನು.

ಔಷಧಿ ಕಂಪನಿಯವರು ಸೀಸೆಗೆ ಅಂಟಿಸುವಾಗ ತಪ್ಪು ಸಿಕ್ಕಿತು. ಒಂದು ಸೀಸೆಯೂ ಹೊರಗೆ ಹೋಗಲಿಲ್ಲ. ಸುರುಳಿ, ಅದರ ಚೀಟಿ, ಒಂದು ಕಾಗದ, ಮೂರೂ ಹತ್ತನೇ ದಿನ ಮ್ಯಾನೇಜರ್ ಮೇಜಿನ ಮೇಲಿದ್ದವು. ಕಾರ್ಡು, ದೀಪ ಬಂದ ಐದು ತಿಂಗಳಲ್ಲಿ ವಾಪಸು ಬಂದ ಮೂರನೇ ಸುರುಳಿ ಅದು.

ವಿಚಾರಣೆಗೆ ಕರೆ ಬರುವ ಮುಂಚೆ ಇಬ್ಬರೂ ಕೈ ತೊಳೆಯುವ ಜಾಗದಲ್ಲಿ ನಿಂತಿದ್ದರು. ಕನ್ನಡಕದಕ್ಕ ನಲ್ಲಿ ಬಿಟ್ಟು ಮುಖ ತೊಳೆದಳು, ಮತ್ತೆ ತೊಳೆದಳು.

"ನಾನು ಹೇಳಿಬಿಡ್ತೀನಿ," ಎಂದಳು. "ಅವಳು ಇರಲೇ ಇಲ್ಲ, ಎರಡೂ ನಾನೇ ಒತ್ತಿದ್ದು ಅಂತ. ಮಕ್ಕಳ ಔಷಧಿ ಕಣೇ. ಗೊತ್ತಾದಾಗಿಂದ ನನಗೆ ಅನ್ನ ಇಳೀತಿಲ್ಲ."

"ಹೇಳಿದ್ರೆ ಏನಾಗುತ್ತೆ ಗೊತ್ತಾ? ಇನ್ನೊಬ್ಬರ ಮುದ್ರೆ ಒತ್ತಿದ್ದಕ್ಕೆ ನಿನ್ನ ತೆಗೀತಾರೆ. ಕಾರ್ಡಿಲ್ಲದೆ ಹೊರಗೆ ಹೋಗಿದ್ದಕ್ಕೆ ನನ್ನ ತೆಗೀತಾರೆ. ಬಿಟ್ಟಿದ್ದಕ್ಕೆ ಮೀಸೆಯಣ್ಣನ್ನ. ಮೂರು ಮನೆ ಅಕ್ಕ."

"ಹೇಳ್ದೆ ಇದ್ರೆ?"

"ಹೇಳ್ದೆ ಇದ್ರೆ ನೋಡಿದೆ, ಕಾಣಲಿಲ್ಲ ಅನ್ನೋದು. ಕಾಣದೆ ಇರೋದಕ್ಕೆ ಕೆಲಸದಿಂದ ತೆಗೆಯೋಲ್ಲ."

ಅವಳ ಲೆಕ್ಕ ಸರಿಯಾಗಿತ್ತು. ಮ್ಯಾನೇಜರ್ ಮುಂದೆ ಮೂರು ಹಾಳೆಗಳಿದ್ದವು. ಕಾರ್ಡಿನ ಹಾಳೆ ಪ್ರಕಾರ ಎಂಟನೇ ನಂಬರಿನವಳು ಆ ಬುಧವಾರ ಊಟದ ನಂತರ ಹೊರಗೆ ಹೋಗಿಲ್ಲ. ದೀಪದ ಹಾಳೆ ಪ್ರಕಾರ ಎಂಟನೇ ಯಂತ್ರ ಎರಡರಿಂದ ಎರಡೂವರೆಯವರೆಗೆ ಒಮ್ಮೆಯೂ ಕೆಂಪಾಗಿಲ್ಲ. ಎಣಿಕೆಯ ಹಾಳೆ ಪ್ರಕಾರ ಆ ಹೊತ್ತಿನಲ್ಲಿ ಒಂದು ಸುರುಳಿ ಹೊರಗೆ ಹೋಗಿದೆ.

"ಎರಡು ಹನ್ನೊಂದಕ್ಕೆ ನೀವು ಸೀಟಲ್ಲಿದ್ರಿ," ಎಂದ ಮ್ಯಾನೇಜರ್. ಅದು ಪ್ರಶ್ನೆಯಾಗಿರಲಿಲ್ಲ.

"ಇದ್ದೆ ಸರ್."

"ಕೆಂಪು ಪಟ್ಟಿ ನೋಡಿದ್ರಿ."

"ನೋಡಿದೆ."

"ಲೇಬಲ್ ಓದಿದ್ರಿ."

ಎಂಟಮ್ಮ ಒಂದು ಕ್ಷಣ ಕಿಟಕಿ ಕಡೆ ನೋಡಿದಳು. "ಓದಿದೆ ಸರ್. ಕಾಣಲಿಲ್ಲ."

ಕನ್ನಡಕದಕ್ಕನಿಗೂ ಅದೇ ಪ್ರಶ್ನೆಗಳು. ಅವಳು ಎಲ್ಲದಕ್ಕೂ ತಲೆಯಾಡಿಸಿದಳು. ಅವಳಿಗೆ ಕನ್ನಡಕದ ನಂಬರು ಬದಲಿಸಿಕೊಳ್ಳಲು ಹೇಳಿ, ಎಚ್ಚರಿಕೆಯ ಪತ್ರ ಕೊಟ್ಟರು. ಕೊನೆಯ ಕಣ್ಣು ಎರಡನೆಯದು, ಹೆಚ್ಚಿನ ಹೊಣೆ ಅದರದು ಎಂದು ಎಂಟಮ್ಮನ ಮುದ್ರೆ ಹಿಂದಕ್ಕೆ ತೆಗೆದುಕೊಂಡರು. ಮುಂದಿನ ಆದೇಶದವರೆಗೆ ಅವಳಿಗೆ ಪ್ಯಾಕಿಂಗ್ ಹಾಲಿನಲ್ಲಿ ಕೆಲಸ.

ವರದಿಯಲ್ಲಿ ಮ್ಯಾನೇಜರ್ ಬರೆದದ್ದು ಐದು ಸಾಲು. ಇಬ್ಬರೂ ಜಾಗದಲ್ಲಿದ್ದರು, ಯಂತ್ರಗಳು ನಿಂತಿರಲಿಲ್ಲ, ವ್ಯವಸ್ಥೆಯಲ್ಲಿ ಲೋಪವಿಲ್ಲ, ತಪ್ಪು ಮನುಷ್ಯರದು, ಹಿಂದಿನ ಬಾಗಿಲಿಗೂ ಕಾರ್ಡಿನ ಗೇಟು ಹಾಕಿಸಬಹುದು.

ಪ್ಯಾಕಿಂಗ್ ಹಾಲು ಧೂಳು ಹೊಗದಂತೆ ಮುಚ್ಚಿದ ಜಾಗ. ಅಲ್ಲಿಂದ ಹೊರಗೆ ಬರಬೇಕಾದರೆ ಟೊಪ್ಪಿ, ನಿಲುವಂಗಿ, ಚಪ್ಪಲಿ ಬಿಚ್ಚಿ ಲೆಕ್ಕ ಕೊಡಬೇಕು. ಒಳಗೆ ಹೋಗಬೇಕಾದರೆ ಸಾಲಿನಲ್ಲಿ ನಿಂತು ಗಾಳಿ ಊದುವ ಗೂಡಿನಲ್ಲಿ ಒಬ್ಬೊಬ್ಬರಾಗಿ ಹಾಯಬೇಕು. ಎರಡೂ ಸೇರಿ ಇಪ್ಪತ್ತು ನಿಮಿಷ. ಊಟದ ಅರ್ಧ ಗಂಟೆಯಲ್ಲಿ ಉಳಿಯುವುದು ಹತ್ತು. ಮನೆಗೆ ಹೋಗಿ ಬರಲು ನಡಿಗೆಗೇ ಹದಿನಾರು ಬೇಕು. ಎರಡು ಗಂಟೆಯ ಸರದಿ ಉಳಿಸಿಕೊಳ್ಳಲು ಹೋಗಿ ಹನ್ನೆರಡರದೂ ಹೋಯಿತು.

ಎಂಟಮ್ಮ ಪ್ಯಾಕಿಂಗ್ ಹಾಲಿಗೆ ಹೋದ ಎಂಟನೇ ದಿನ ಕನ್ನಡಕದಕ್ಕ ಮ್ಯಾನೇಜರ್ ಕೋಣೆಗೆ ಹೋದಳು. ಯಾರಿಗೂ ಹೇಳಿರಲಿಲ್ಲ. ಕೈಯಲ್ಲಿ ಹಳೆಯ ನೋಟ್‌ಬುಕ್ಕು ಇತ್ತು. ಕಸದ ಡಬ್ಬಿಯ ಮೇಲಿಂದ ಅದನ್ನು ಅವತ್ತೇ ಎತ್ತಿ ಮನೆಗೆ ಒಯ್ದಿದ್ದಳು.

"ಸರ್, ಆ ಬುಧವಾರ ಅವಳು ಸೀಟಲ್ಲಿರಲಿಲ್ಲ. ಎರಡೂ ಮುದ್ರೆ ನಾನೇ ಒತ್ತಿದ್ದು. ನಾಲ್ಕು ತಿಂಗಳಿಂದ ಒತ್ತಿದೀನಿ."

ಮ್ಯಾನೇಜರ್ ಪೆನ್ನು ಕೆಳಗಿಟ್ಟು ಅವಳನ್ನು ನೋಡಿದ. ಕಪಾಟಿನಿಂದ ಆ ಮೂರು ಹಾಳೆ ತೆಗೆದು ಮೇಜಿನ ಮೇಲೆ ಅವಳ ಕಡೆಗೆ ತಿರುಗಿಸಿಟ್ಟ.

"ಕೂತ್ಕೊಳ್ಳಿ. ಕಾರ್ಡ್ ನೋಡಿ, ಒಳಗಿದಾರೆ. ದೀಪ ನೋಡಿ, ಹಸಿರು. ಅವರೇ ಒಪ್ಕೊಂಡಿದಾರೆ. ಗೆಳತಿ ಕಷ್ಟ ನೋಡೋಕಾಗದೆ ನೀವು ಮೇಲೆ ಹಾಕ್ಕೊಳ್ತಿದೀರಿ. ದೊಡ್ಡ ಮನಸ್ಸು ನಿಮ್ಮದು. ಆದ್ರೆ ಸುಳ್ಳು ಹೇಳಬಾರದು."

"ಸುಳ್ಳು ಹೇಳ್ತಿರೋದು ಆ ಹಾಳೆಗಳು ಸರ್. ದೀಪನ ಹಸಿರು ಇಟ್ಟಿದ್ದು ನನ್ನ ಎಡಗೈ. ಆ ದೀಪ ನೋಡ್ತಾ ಕೂತಿದ್ದಕ್ಕೇ ಲೇಬಲ್ ಕಾಣಲಿಲ್ಲ. ಇದನ್ನ ನೋಡಿ." ನೋಟ್‌ಬುಕ್ಕು ಮುಂದಿಟ್ಟಳು. "ಅವಳು ದಿನಾ ಹೋಗ್ತಿದ್ಳು. ಸುರುಳಿ ಕಾಯ್ತಿತ್ತು. ಬಂದು ಅವಳೇ ನೋಡ್ತಿದ್ಳು. ಆರು ವರ್ಷಕ್ಕೆ ಎರಡೇ ಸುರುಳಿ ವಾಪಸ್ ಬಂದಿದ್ದು."

ಮ್ಯಾನೇಜರ್ ಎರಡು ಪುಟ ತಿರುವಿದ. "ಇದರಲ್ಲಿ ಯಾರು ಏನು ಬೇಕಾದ್ರೂ ಬರೀಬಹುದಲ್ಲಮ್ಮ?"

"ಬರೀಬಹುದಿತ್ತು ಸರ್. ಬರೀಲಿಲ್ಲ."

"ಅದು ನಿಮಗೆ ಹೇಗೆ ಗೊತ್ತು?"

ಪಕ್ಕದಲ್ಲೇ ಕೂತಿದ್ದೆನಲ್ಲ ಎನ್ನುವುದಷ್ಟೇ ಕನ್ನಡಕದಕ್ಕನಲ್ಲಿದ್ದ ಉತ್ತರ. ಅದನ್ನು ಹೇಳಿದಳು. ಅವನು ತಲೆಯಾಡಿಸಿ ನೋಟ್‌ಬುಕ್ಕು ಮುಚ್ಚಿ ವಾಪಸು ಕೊಟ್ಟ. ಫೈಲು ಮುಗಿದಿದೆ, ಸೀಟಿಗೆ ಹೋಗಿ, ದೀಪ ಕೆಂಪಾಗಿರಬೇಕು ಎಂದ. ಹೌದು, ಆಗಿತ್ತು.

ಆ ಸಂಜೆ ಅವಳು ಪ್ಯಾಕಿಂಗ್ ಹಾಲಿನ ಹೊರಗೆ ಕಾದು ನಿಂತು ಎಂಟಮ್ಮನಿಗೆ ಎಲ್ಲ ಹೇಳಿದಳು. ಎಂಟಮ್ಮ ಮೊದಲು ಬೈದಳು. ಆಮೇಲೆ ಕೇಳಿದಳು: "ನಂಬಲೇ ಇಲ್ವಾ?"

"ನಿನ್ನ ಸುಳ್ಳನ್ನ ನಂಬಿದ. ನನ್ನ ನಿಜಾನ ನಂಬಲಿಲ್ಲ."

"ಹೋಗ್ಲಿ ಬಿಡು. ಕೆಲಸನಾದ್ರೂ ಉಳೀತಲ್ಲ."

ಅಷ್ಟು ಹೇಳಿ ಅವಳು ಬಿರಬಿರನೆ ಮನೆ ಕಡೆ ನಡೆದಳು. ಮಾತಿನಲ್ಲಿ ಆರು ನಿಮಿಷ ಹೋಗಿತ್ತು.

ಹನ್ನೊಂದನೇ ದಿನ ಗಂಡನ ಸೊಂಟದ ಕೆಳಗೆ ಕೈಯಗಲದ ಕೆಂಪು ಕಾಣಿಸಿತು. ಒತ್ತಿದರೆ ಬಿಳುಚಿಕೊಳ್ಳುತ್ತಿರಲಿಲ್ಲ. ಹತ್ತೊಂಬತ್ತನೇ ದಿನ ಚರ್ಮ ಒಡೆಯಿತು. ನರ್ಸಮ್ಮ ಬಂದು ಬಟ್ಟೆ ಸರಿಸಿ ನೋಡಿದಳು.

"ಮೂರು ವರ್ಷ ಕನ್ನಡಿ ಇಟ್ಟ ಹಾಗೆ ಇಟ್ಟಿದ್ರಲ್ಲಮ್ಮ ಇವರ ಬೆನ್ನನ್ನ. ಈಗೇನಾಯ್ತು?"

"ಹೊತ್ತು ಸಿಗ್ತಿಲ್ಲ. ಹತ್ತಕ್ಕೆ ಹೊರಳಿಸಿದ್ರೆ ಮತ್ತೆ ನಾನು ಬಂದ ಮೇಲೇ."

"ಹತ್ತರಿಂದ ಐದರವರೆಗೆ ಒಂದೇ ಮಗ್ಗುಲಾ?"

ನರ್ಸಮ್ಮ ಚೀಲದಿಂದ ಗೆರೆ ಎಳೆದ ಹಾಳೆ ತೆಗೆದು ಗೋಡೆಗೆ ಅಂಟಿಸಿದಳು. ಎರಡು ಗಂಟೆಗೊಂದು ಚೌಕ. ಹೊರಳಿಸಿದಾಗಲೆಲ್ಲ ಗುರುತು ಹಾಕಬೇಕು, ಡಾಕ್ಟರು ಮುಂದಿನ ವಾರ ಕೇಳುತ್ತಾರೆ ಎಂದಳು.

ವಾರದ ಕೊನೆಗೆ ಕೆಳಗಿಳಿದು ಬಂದ ಟೈಲರ್ ಅತ್ತಿಗೆ ಹಾಳೆ ನೋಡಿದಳು. ಹನ್ನೆರಡರ ಸಾಲು, ಎರಡರ ಸಾಲು ಉದ್ದಕ್ಕೂ ಖಾಲಿ.

"ತುಂಬಿಸಿಬಿಡೇ. ಯಾರು ಬಂದು ನೋಡ್ತಾರೆ? ಡಾಕ್ಟರ ಕೈಲಿ ಸುಮ್ನೆ ಯಾಕೆ ಅನ್ನಿಸ್ಕೋತೀಯ?"

"ಬೇಡ ಅತ್ತಿಗೆ."

"ಒಂದು ಗೀಟಲ್ವಾ?"

"ಕಾರ್ಖಾನೇಲೊಂದು ಕಡೆ ತುಂಬಿಸಿದ್ದಾಯ್ತಲ್ಲ."

ಮರುದಿನ ಸಂಜೆ ನಾಲ್ಕೂ ಐವತ್ತೆರಡಕ್ಕೆ ಅವಳು ಬಾಗಿಲು ತೆಗೆದಾಗ ಕೋಣೆಯಲ್ಲಿ ಔಷಧಿಯ ವಾಸನೆ, ಅದರಡಿಗೆ ಇನ್ನೊಂದು ವಾಸನೆ. ಅವನು ಬೆಳಿಗ್ಗೆ ಹತ್ತಕ್ಕೆ ಅತ್ತಿಗೆ ಮಲಗಿಸಿದ ಎಡ ಮಗ್ಗುಲಲ್ಲೇ ಇದ್ದ. ಕಣ್ಣು ಗಡಿಯಾರದ ಕಡೆಗಿತ್ತು. ಅವಳು ಕೈ ತೊಳೆದು ಬಂದು, ಒಂದು ಕೈಯನ್ನು ಭುಜದಡಿ, ಇನ್ನೊಂದನ್ನು ಸೊಂಟದಡಿ ತೂರಿಸಿದಳು. ಬಟ್ಟೆ ಹುಣ್ಣಿಗೆ ಅಂಟಿಕೊಂಡಿತ್ತು.

"ಹೋಲ್ಡಾನ್," ಎಂದ ಅವನು.

ಅವಳು ಬಗ್ಗಿದಲ್ಲೇ ನಿಂತಳು. ಅವನ ಭಾರವೆಲ್ಲ ಎರಡು ಮುಂಗೈಗಳ ಮೇಲಿತ್ತು. ಇಂಥ ಹೊತ್ತಲ್ಲಿ ಅವನು ಉಸಿರು ಸರಿಮಾಡಿಕೊಂಡು, ಐದೆಣಿಸುವಷ್ಟರಲ್ಲಿ ರೈಟ್ ಅನ್ನುತ್ತಿದ್ದ. ಅವಳು ಐದೆಣಿಸಿದಳು. ಹತ್ತೆಣಿಸಿದಳು. ಕೆಳಗೆ ಇಳಿಸಿದರೆ ಭಾರ ಹುಣ್ಣಿನ ಮೇಲೆ, ಮುಂದೆ ಹೊರಳಿಸಿದರೆ ಬಟ್ಟೆಯ ಜೊತೆ ಚರ್ಮವೂ ಕಿತ್ತು ಬರುತ್ತದೆ.

"ಹೇಳಿ," ಎಂದಳು. "ರೈಟ್ ಅನ್ನಿ."

ಅವನು ಗಡಿಯಾರವನ್ನೇ ನೋಡುತ್ತಿದ್ದ.